ನಮ್ಮ ಡ್ರೈವರ್

ಕುಂಬಳೆ ಬಸ್‌ಸ್ಟ್ಯಾಂಡಿನ ಹಿಂದೆ
ಜೆರಾಕ್ಸ್ ಅಂಗಡಿಯ ಒಳಮೂಲೆಯಲ್ಲಿ ನನ್ನ ಮೇಜು.
ಮಲಯಾಳದ ನೋಟೀಸನ್ನು ಕನ್ನಡಕ್ಕೆ,
ಕನ್ನಡದ ದೂರನ್ನು ಮಲಯಾಳಕ್ಕೆ,
ಪುಟಕ್ಕೆ ಮೂವತ್ತು ರೂಪಾಯಿ.

ಅಂದುಂಞಿಚ್ಚ ಬಂದದ್ದು ಮಧ್ಯಾಹ್ನದ ಬಾಂಗ್ ಮುಗಿದ ಮೇಲೆ.
ಚೀಲದೊಳಗೆ ಇನ್ನೊಂದು ಚೀಲ,
ಅದರೊಳಗೆ ಹಳೆ ಪಾಸ್‌ಪೋರ್ಟಿನ ಕವರು,
ಅದರೊಳಗೆ ನಾಲ್ಕು ಮಡಿಕೆಯ ಇಂಗ್ಲಿಷ್ ಕಾಗದ.
"ಇದರಲ್ಲಿ ನಾನಿದ್ದೇನೆ. ಓದಿ ಹೇಳಿ ಟೀಚರೇ."
ನಾನು ಟೀಚರಲ್ಲ. ತಿದ್ದಲಿಲ್ಲ.

ಮೂವತ್ತು ವರ್ಷ ಹಿಂದೆ, ಏಡನ್.
ಒಂದೇ ಭಾಷೆಯವರು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು
(ಅದು ಇವನಿಗೆ ಈಗಲೂ ಆಶ್ಚರ್ಯ:
"ನಮ್ಮಲ್ಲಿ ಏಳು ಭಾಷೆ, ಬೈದಾಟದಲ್ಲೇ ಸಂಜೆಯಾಗುತ್ತದೆ").
ಇವನ ಟೊಯೋಟಾದಲ್ಲಿ ಇಬ್ಬರು ಬಿಳಿಯರು.
ಬರೆಯುವವಳು ಮಾರ್ಗಿಟ್.
ಫೋಟೋದವನು ಬಹಳ ಉದ್ದ,
ಬಗ್ಗಲು ಬರುತ್ತಿರಲಿಲ್ಲ, ಮೊದಲ ಗುಂಡಿಗೆ ಕಲಿತ.
ಇವನಿಗೆ ಅರಬಿ ಬರುತ್ತಿತ್ತು, ದಾರಿ ಬರುತ್ತಿತ್ತು,
ದಿನಕ್ಕೆ ನಲವತ್ತು ಡಾಲರ್ ಬರುತ್ತಿತ್ತು.
ಕಾಗದ ಆ ಉದ್ದನೆಯವ ಅಂಚೆಯಲ್ಲಿ ಕಳಿಸಿದ್ದು.
ಮೊನ್ನೆ ಮೆಸೇಜು: ಮಾರ್ಗಿಟ್ ತೀರಿಹೋದಳು.
ಅದಕ್ಕೆ ಈಗ ಓದಿಸಬೇಕೆನಿಸಿತಂತೆ.

ಓದಿದೆ.
ಸುಟ್ಟ ಗೋದಾಮಿನ ವಾಸನೆಗೆ ಒಂದು ಪ್ಯಾರಾ,
ನೀರಿಗೆ ನಿಂತ ಹೆಂಗಸರ ಕೊಡಗಳಿಗೆ ಒಂದು.
ಚೆನ್ನಾಗಿ ಬರೆಯುತ್ತಾಳೆ, ಹೇಳಲೇಬೇಕು,
ಸತ್ತ ಕತ್ತೆಯ ಕಣ್ಣಿನ ನೊಣವನ್ನೂ ಬಿಟ್ಟಿಲ್ಲ.
ಆಮೇಲೆ, ಎರಡನೆಯ ಪುಟದ ಕೆಳಗೆ:
'ಚೆಕ್‌ಪೋಸ್ಟಿನಲ್ಲಿ ನಮ್ಮ ಡ್ರೈವರ್
ಹುಡುಗರೊಡನೆ ಏನೋ ತಮಾಷೆ ಮಾಡಿದ.
ಅವರು ನಕ್ಕು ದಾರಿ ಬಿಟ್ಟರು.'
ಅಷ್ಟೇ.

"ಬಂತಾ ನನ್ನ ಜಾಗ?"

ಕಾಗದ ಬಿಡಿಸುವ ಮೊದಲೇ ಅವನು ಹೇಳಿದ್ದ.
ತಲಪಾಡಿಯಂಥ ಚೆಕ್‌ಪೋಸ್ಟಲ್ಲ, ಎರಡು ಡ್ರಮ್ಮು, ಒಂದು ಹಗ್ಗ.
ಮೀಸೆ ಮೂಡದ ಒಬ್ಬ, ಬಂದೂಕಿನ ಮೂತಿಯನ್ನು
ಇವನ ಬಾಯೊಳಗೇ ಇಟ್ಟ.
ಆ ಕಬ್ಬಿಣದ ಸುತ್ತ ನಾಲಿಗೆ ಹೊರಳಿಸಿ
ಇವನು ಹೇಳಿದ್ದು ಮೊಗ್ರಾಲಿನಲ್ಲಿದ್ದ ಮಕ್ಕಳ ಹೆಸರು.
ಆ ತೊದಲಿಗೆ ಹುಡುಗರಿಗೆ ನಗು ಬಂತು.
ನಗು ಬಂದದ್ದರಿಂದ ಉಳಿದರು, ಮೂವರೂ.
ಹಿಂದಿನ ಸೀಟಿನಲ್ಲಿ ಅವಳು ಬರೆದುಕೊಳ್ಳುತ್ತಿದ್ದಳು.

ಹಾಗಾದರೆ ಅವಳು ಬರೆದದ್ದು ಸುಳ್ಳೂ ಅಲ್ಲ.
ನಕ್ಕದ್ದು ಹೌದು. ದಾರಿ ಬಿಟ್ಟದ್ದು ಹೌದು.

ನಾನು ಸಾಲಿನ ಮೇಲೆ ಬೆರಳಿಟ್ಟೆ,
ಎಡದಿಂದ ಬಲಕ್ಕೆ ಸರಿಸುತ್ತಾ ಓದಿದೆ:
"ಮೊಗ್ರಾಲಿನ ಅಂದುಂಞಿ ಎಂಬವರು ಅಂದು ಇಲ್ಲದಿದ್ದರೆ
ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.
ಸಾವಿನ ಬಾಯಲ್ಲಿ ಅವರು ಮಕ್ಕಳನ್ನು ಕರೆದರು,
ಬೀಫಾತಿಮ, ಮಮ್ಮುಂಞಿ, ಅಸ್ಮಾಬಿ..."
ಅವರ ರೇಷನ್ ಕಾರ್ಡಿನ ಅರ್ಜಿ ಬರೆದವಳು ನಾನೇ,
ಹೆಸರಿಗೆ ತಡಕಾಡಬೇಕಾಗಲಿಲ್ಲ.

ಜೆರಾಕ್ಸ್ ಯಂತ್ರ ಯಾರದೋ ಆಧಾರ್ ಉಗುಳಿ ನಿಂತಿತು.
ಅಂದುಂಞಿಚ್ಚ ಕೊಡೆಯ ಹಿಡಿಯನ್ನು ತಿರುವುತ್ತಾ ಕೂತ.
ಹೊರಗೆ ಬದಿಯಡ್ಕ ಬಸ್ಸಿನ ಕಿಳಿ ಕೂಗಿ ಕೂಗಿ
ಕೊನೆಗೆ ಸೀಟಿ ಊದಿದ.

"ಅಸ್ಮಾಬಿ ಹುಟ್ಟಿದ್ದು
ನಾನು ಊರಿಗೆ ಬಂದ ಮೇಲೆ, ಟೀಚರೇ."

ನನ್ನ ಬೆರಳು ಇನ್ನೂ 'ತಮಾಷೆ'ಯ ಮೇಲೇ ಇತ್ತು.
ಅದನ್ನು ಎತ್ತುವುದು ಹೇಗೆಂದು ತಿಳಿಯಲಿಲ್ಲ.

ಅವನು ಅರುವತ್ತು ಎಣಿಸಿದ. ಮತ್ತೆ ಮೂವತ್ತು ಇಟ್ಟ.
ಎರಡೇ ಪುಟ, ಎಂದೆ.
"ಮೂರು ಓದಿದಿರಲ್ಲ," ಅಂದ.
"ಆ ಮೂರನೆಯದನ್ನೂ ಕನ್ನಡದಲ್ಲಿ ಬರೆದುಕೊಡಿ.
ನಾಲ್ಕರ ತನಕ ಕನ್ನಡ ಶಾಲೆಗೆ ಹೋದವ, ಕೂಡಿಸಿ ಓದುತ್ತೇನೆ.
ಅಸ್ಮಾಬಿಯನ್ನು ಮಾತ್ರ ತೆಗೆದುಬಿಡಿ.
ಪೇಪರಿನಲ್ಲಿ ಸುಳ್ಳು ಬರಬಾರದು."

ಬರೆದೆ, ದೊಡ್ಡ ಅಕ್ಷರದಲ್ಲಿ, ಒತ್ತು ಬಿಡಿಸಿ.
ಕತ್ತೆಯ ಕಣ್ಣಿನ ನೊಣ ಅವಳದು.
ಅದನ್ನು ಇದ್ದ ಹಾಗೇ ಇಟ್ಟೆ.